ಪಿಎಸ್2 ಸ್ಲಿಮ್‌ಗೆ ರ‍್ಯಾಲಿ ಗೇಮ್ ಯಾವುದು ಹಾಕೋದು? ಬಂದೂಕು ಬೇಡ, ಮಣ್ಣು ರಸ್ತೆ ಬೇಕು

ಆಲ್ದೂರು_ಹುಡುಗ:
ಎಲ್ಲರಿಗೂ ನಮಸ್ಕಾರ. ಮನೇಲಿರೋದು ಸೋನಿ ಪ್ಲೇಸ್ಟೇಷನ್ 2, ಅಂದ್ರೆ ಪಿಎಸ್2 ಸ್ಲಿಮ್, 77000 ಸರಣಿ, ಪಾಲ್ ಮಾಡೆಲ್ (ಭಾರತ, ಯುರೋಪ್ ಕಡೆಗೆ ಬಂದ ಮಾದರಿ). ಒಂದು ಒರಿಜಿನಲ್ ಕಂಟ್ರೋಲರ್, ಒಂದು ಲೋಕಲ್. ಟಿವಿ 21 ಇಂಚಿನ ಡಬ್ಬಾ, ಹಾಲ್‌ನಲ್ಲಿ ಒಂದು ಎಲ್‌ಇಡಿನೂ ಇದೆ. ಹೊಸ ಕನ್ಸೋಲ್ ತಗೊಳ್ಳಿ ಅನ್ನೋ ಸಲಹೆ ದಯವಿಟ್ಟು ಬೇಡ, ಇದಕ್ಕೇ ಗೇಮ್ ಬೇಕು.

ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಮುಗಿದಿದೆ. ಓಡಿಸೋದು ಹಿಡಿಸ್ತು, ಪೊಲೀಸ್ ಬೆನ್ನಟ್ಟೋದು ಹಿಡಿಸಲಿಲ್ಲ. ನಮ್ಮ ಕಡೆ ರ‍್ಯಾಲಿ ನಡೆದಾಗ ತೋಟದ ಮಣ್ಣು ರಸ್ತೇಲಿ ಕಾರು ಅಡ್ಡಡ್ಡ ಜಾರ್ಕೊಂಡು ಹೋಗುತ್ತಲ್ಲ, ಆ ಥರದ್ದು ಬೇಕು. ತಂಗಿಗೆ ರೇಸ್ ಆಗಲ್ಲ. ಅವಳಿಗೆ ನಿಧಾನದ್ದು, ನೋಡೋಕೆ ಚೆನ್ನಾಗಿರೋದು, ಇಂಗ್ಲಿಷ್ ಡೈಲಾಗ್ ಕಡಿಮೆ ಇರೋದು. ಇಬ್ಬರೂ ಕೂತು ಆಡೋ ಅಂಥದ್ದು ಒಂದಾದ್ರೂ ಇರಲಿ. ಗುಂಡು ಹಾರಿಸೋ ಆಟ ಬೇಡ. ಜಿಟಿಎ ಹೇಳಬೇಡಿ.

ಕಡೂರು_ಕ್ಯಾಪ್ಟನ್:
ಜಿಟಿಎ ಸ್ಯಾನ್ ಆಂಡ್ರಿಯಾಸ್.

ಆಲ್ದೂರು_ಹುಡುಗ:
ಪೂರ್ತಿ ಓದಿ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ ಸಾರ್.

ಚಾರ್ಮಾಡಿ_ತಿರುವು:
ರೇಸ್ ಬೇರೆ, ರ‍್ಯಾಲಿ ಬೇರೆ ಮಾರಾಯ್ರೆ. ರೇಸಲ್ಲಿ ಪಕ್ಕದ ಕಾರನ್ನ ಹಿಂದೆ ಹಾಕೋದು. ರ‍್ಯಾಲೀಲಿ ಕಾರುಗಳನ್ನ ಒಂದೊಂದಾಗಿ ಬಿಡ್ತಾರೆ, ಜಗಳ ಏನಿದ್ರೂ ರಸ್ತೆ ಜೊತೆ, ಗಡಿಯಾರದ ಜೊತೆ. ಹಾಗಾಗಿ ಈ ಗೇಮ್‌ಗಳನ್ನ ಆರಿಸುವಾಗ ಕಾರು ಎಷ್ಟಿದೆ, ಗ್ರಾಫಿಕ್ಸ್ ಹೇಗಿದೆ ಅಂತ ನೋಡೋದು ದಂಡ. ಎರಡೇ ವಿಷಯ ನೋಡಿ. ಪಕ್ಕದಲ್ಲಿ ಕೂತ ಕೋ-ಡ್ರೈವರ್ ತಿರುವನ್ನ ಸರಿಯಾದ ಹೊತ್ತಿಗೆ ಹೇಳ್ತಾನಾ? ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬಿದ್ದಿದ್ದು ಕೈಗೆ ಗೊತ್ತಾಗುತ್ತಾ? ಇವೆರಡು ಇದ್ರೆ ಆಟ ಇದೆ.

ಆ ಲೆಕ್ಕದಲ್ಲಿ ಮೊದಲು ಕಾಲಿನ್ ಮೆಕ್‌ರೇ ರ‍್ಯಾಲಿ 2005. ಕೋಡ್‌ಮಾಸ್ಟರ್ಸ್ ಕಂಪನಿದು, 2004ರಲ್ಲಿ ಬಂತು. ಕರಿಯರ್ ಮೋಡ್ ಇದೆ, ಸಣ್ಣ ಕಾರಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಹಾಗಾಗಿ ಕಲಿಯೋಕೆ ಅನುಕೂಲ. ಗುದ್ದಿದ್ರೆ ಕಾರು ನಿಜವಾಗ್ಲೂ ಹಾಳಾಗುತ್ತೆ, ಸರ್ವಿಸ್‌ನಲ್ಲಿ ಕೊಟ್ಟ ನಿಮಿಷದೊಳಗೆ ಏನು ರಿಪೇರಿ ಮಾಡಿಸಬೇಕು, ಏನು ಬಿಡಬೇಕು ಅಂತ ನೀವೇ ಹಂಚಬೇಕು. ಸ್ಟೀರಿಂಗ್, ಸಸ್ಪೆನ್ಷನ್‌ಗೆ ಮೊದಲು ಕೊಡಿ. ಬಾಗಿಲು, ಬಂಪರ್ ನೇತಾಡ್ತಿದ್ರೂ ಪರವಾಗಿಲ್ಲ.

ಅದು ಕೈಗೆ ಹತ್ತಿದ ಮೇಲೆ ಡಬ್ಲ್ಯುಆರ್‌ಸಿ ರ‍್ಯಾಲಿ ಇವಾಲ್ವ್ಡ್, 2005. ಇವಾಲ್ಯೂಷನ್ ಸ್ಟುಡಿಯೋಸ್ ಮಾಡಿದ್ದು, ಪಿಎಸ್2 ಬಿಟ್ಟರೆ ಬೇರೆಲ್ಲೂ ಇಲ್ಲ. ಡಬ್ಲ್ಯುಆರ್‌ಸಿ ಅಂದ್ರೆ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್, ಆ ವರ್ಷದ ಚಾಂಪಿಯನ್‌ಶಿಪ್‌ನ 16 ರ‍್ಯಾಲಿನೂ ಇದಾವೆ. ತೋಟದ ರಸ್ತೆ ಬೇಕು ಅಂದ್ರಲ್ಲ, ಬ್ರಿಟನ್ ರ‍್ಯಾಲಿ ತೆಗೀರಿ: ಮಂಜು, ಕೆಸರು, ಎರಡೂ ಕಡೆ ಮರ. ಥೇಟ್ ಮಳೆಗಾಲದ ಮೂಡಿಗೆರೆ. ಚಾರ್ಮಾಡಿ ಘಾಟಿ ಥರ ಟಾರು, ಹೇರ್‌ಪಿನ್, ಒಂದು ಕಡೆ ಬಂಡೆ ಇನ್ನೊಂದು ಕಡೆ ಪ್ರಪಾತ ಬೇಕಾದ್ರೆ ಫ್ರಾನ್ಸಿನ ಕಾರ್ಸಿಕಾ ದ್ವೀಪ. ಸೈಪ್ರಸ್ ಮಾತ್ರ ಮೊದಲಿಗೆ ಬೇಡ, ಬರೀ ಕಲ್ಲು. ಕಾರು ಒಡೆಯುತ್ತೆ, ಮನಸ್ಸೂ ಒಡೆಯುತ್ತೆ.

ಹಾಸನ_ಡಿಸ್ಕ್:
ಇಷ್ಟೆಲ್ಲಾ ಯಾಕೆ ಗುರು. ರ‍್ಯಾಲಿಸ್ಪೋರ್ಟ್ ಚಾಲೆಂಜ್ 2 ಹಾಕ್ಕೊಳ್ಳಿ, ಕಣ್ಣಿಗೆ ಹಬ್ಬ. ಇಲ್ಲಾಂದ್ರೆ ಡರ್ಟ್.

ಸಕಲೇಶಪುರ_ಸೈಡ್‌ವೇಸ್:
ರ‍್ಯಾಲಿಸ್ಪೋರ್ಟ್ ಚಾಲೆಂಜ್ 2 ಎಕ್ಸ್‌ಬಾಕ್ಸ್‌ಗೆ ಮಾತ್ರ ಬಂದಿದ್ದು. ಡರ್ಟ್ 2007ರದ್ದು, ಪಿಸಿ, ಎಕ್ಸ್‌ಬಾಕ್ಸ್ 360, ಪಿಎಸ್3ಗೆ ಬಂತು, ಪಿಎಸ್2ಗೆ ಬರಲೇ ಇಲ್ಲ. ಪಿಎಸ್2 ಡರ್ಟ್ ಅಂತ ಯಾರಾದ್ರೂ ಡಿಸ್ಕ್ ಮಾರೋಕೆ ಬಂದ್ರೆ ಅದು ಕವರ್ ಬದಲಾಯಿಸಿದ ಹಳೇ ಮೆಕ್‌ರೇ ಅಂತ ತಿಳ್ಕೊಳ್ಳಿ.

ಹಾಸನ_ಡಿಸ್ಕ್:
ಸರಿ, ಸೆಗಾ ರ‍್ಯಾಲಿ 2006 ಅಂತೂ ಪಿಎಸ್2ದೇ ತಾನೇ?

ಸಕಲೇಶಪುರ_ಸೈಡ್‌ವೇಸ್:
ಪಿಎಸ್2ದೇ, ಆದ್ರೆ ಜಪಾನಲ್ಲಿ ಮಾತ್ರ ಬಿಟ್ಟರು. ಪಾಲ್ ಮೆಷಿನ್‌ನಲ್ಲಿ ಆ ಡಿಸ್ಕ್ ಹಾಕಿದ್ರೆ ಕೆಂಪು ಪರದೆ ಬಂದು ನಿಲ್ಲುತ್ತೆ. ಡಿಸ್ಕ್ ಕೊಳ್ಳೋಕೆ ಮುಂಚೆ ಕೇಸಿನ ಮೇಲೆ ಪಾಲ್ ಗುರುತು ಇದೆಯಾ ನೋಡಿ. ಅಮೆರಿಕದ್ದು, ಜಪಾನಿನದ್ದು ಎರಡೂ ನೇರವಾಗಿ ಓಡಲ್ಲ.

ಕೊಟ್ಟಿಗೆಹಾರ_ಮಂಜು:
ಮೆಕ್‌ರೇಲಿ 3 ಮತ್ತು 04 ಕೂಡ ಪಿಎಸ್2ಗೆ ಇವೆಯಲ್ಲ, ಅವು ಅಗ್ಗಕ್ಕೆ ಸಿಗ್ತವೆ. 2005ಕ್ಕೇ ಯಾಕೆ ಕಾಯಬೇಕು?

ಚಾರ್ಮಾಡಿ_ತಿರುವು:
3ರಲ್ಲಿ ಚಾಂಪಿಯನ್‌ಶಿಪ್ ಆಡಬೇಕಾದ್ರೆ ಫೋರ್ಡ್ ಫೋಕಸ್ ಒಂದೇ ಕಾರು. ನೀವೇ ರ‍್ಯಾಲಿ ಚಾಲಕ ಮೆಕ್‌ರೇ ಅನ್ನೋ ಲೆಕ್ಕ. ಬೇರೆ ಕಾರು ಬೇಕಂದ್ರೆ ಬಿಡಿಯಾದ ಒಂದು ತುಂಡು ರಸ್ತೆ, ಅಂದ್ರೆ ಒಂದು ಸ್ಟೇಜ್‌ನಲ್ಲಿ ಓಡಿಸಬೇಕು. 04 ಅದಕ್ಕಿಂತ ವಾಸಿ: ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋ ಕಾರಿಂದು, ಎರಡೇ ಚಕ್ರಕ್ಕೆ ಹೋಗೋ ಕಾರಿಂದು, ಆಮೇಲೆ ಗ್ರೂಪ್ ಬಿ (80ರ ದಶಕದ ಭಾರೀ ಶಕ್ತಿಯ ಕಾರುಗಳು) ಅಂತ ಬೇರೆ ಬೇರೆ ಚಾಂಪಿಯನ್‌ಶಿಪ್ ಇವೆ. 04 ಸಿಕ್ಕಿದ್ರೆ ತಗೊಳ್ಳಿ, 3 ಬಿಡಿ.

ಬಾಳೆಹೊನ್ನೂರು_ಬ್ರೇಕು:
ನಾನು ಒಪ್ಪಲ್ಲ. ಮಣ್ಣು ಅಂದ್ರೆ ರಿಚರ್ಡ್ ಬರ್ನ್ಸ್ ರ‍್ಯಾಲಿ, 2004. ಉಳಿದವೆಲ್ಲ ಆಟ, ಅದೊಂದೇ ಡ್ರೈವಿಂಗ್. ಮೆಕ್‌ರೇ 2005ರಲ್ಲಿ ಕಾರು ನಡುವೆ ಒಂದು ಮೊಳೆ ಹೊಡೆದು ಸಿಕ್ಕಿಸಿದ ಹಾಗೆ ಅಲ್ಲೇ ಸುತ್ತುತ್ತೆ. ಬರ್ನ್ಸ್‌ನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ಜಾರೋದು ಗೊತ್ತಾಗುತ್ತೆ.

ಚಾರ್ಮಾಡಿ_ತಿರುವು:
ಮೋಸ್ಟ್ ವಾಂಟೆಡ್‌ನಿಂದ ಬರ್ತಿರೋರಿಗೆ ಬರ್ನ್ಸ್ ಕೊಟ್ರೆ ಮೊದಲ ಸ್ಟೇಜ್ ಮುಗಿಸೋ ಹೊತ್ತಿಗೆ ಡಿಸ್ಕ್ ಮಾರಿಬಿಡ್ತಾರೆ. ಮೂರನೇ ತಿರುವಿಗೆ ರೇಡಿಯೇಟರ್ ಒಡೆದು ಎಂಜಿನ್ ಕಾದು ನಿಂತ್ರೆ ಯಾರಿಗೆ ಬೇಕು?

ಬಾಳೆಹೊನ್ನೂರು_ಬ್ರೇಕು:
ರೇಡಿಯೇಟರ್ ಒಡೆಯೋದು ಗುದ್ದಿದ್ರೆ ಮಾತ್ರ. ಗುದ್ದಬೇಡಿ.

ತಮಾಷೆ ಬಿಡಿ, ಬರ್ನ್ಸ್ ಆಡೋ ಕ್ರಮ ಇದೆ. ಮೊದಲು ರ‍್ಯಾಲಿ ಸ್ಕೂಲ್ ಪಾಠ ಮುಗಿಸಿ, ನೇರವಾಗಿ ಸ್ಟೇಜ್‌ಗೆ ಹೋಗಬೇಡಿ. ಹೊರಡುವಾಗ ಹ್ಯಾಂಡ್‌ಬ್ರೇಕ್ ಹಿಡಿದು ಆಕ್ಸಿಲರೇಟರ್ ಒತ್ತಿ, ಎಣಿಕೆ ಮುಗಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ತಿರುವಿಗೆ ಮುಂಚೆ ನೇರ ಇರುವಾಗಲೇ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ. ತಿರುಗಿಸ್ತಾ ಬ್ರೇಕ್ ಒತ್ತಿದ್ರೆ ಮೂತಿ ನೇರ ಚರಂಡಿಗೆ. ಕಾರು ಹೊರಗೆ ತಳ್ತಾ ಇದೆ ಅನಿಸಿದ್ರೆ ಆಕ್ಸಿಲರೇಟರ್ ಬಿಡದೆ ಬ್ರೇಕನ್ನ ಲಘುವಾಗಿ ಮುಟ್ಟಿ. ನಿಜವಾದ ರ‍್ಯಾಲೀಲಿ ಎಡಗಾಲಿನ ಬ್ರೇಕ್ ಅಂತಾರಲ್ಲ, ಅದೇ. ಭಾರ ಮುಂದಿನ ಚಕ್ರಕ್ಕೆ ಬಂದು ಮೂತಿ ಒಳಗೆ ತಿರುಗುತ್ತೆ. ಹ್ಯಾಂಡ್‌ಬ್ರೇಕ್ ಹೇರ್‌ಪಿನ್‌ಗೆ ಮಾತ್ರ. ಎಲ್ಲಾ ತಿರುವಿಗೂ ಹ್ಯಾಂಡ್‌ಬ್ರೇಕ್ ಎಳೆಯೋದು ಮೋಸ್ಟ್ ವಾಂಟೆಡ್ ಚಾಳಿ, ಅದು ಬಿಡಬೇಕು.

ಬೇಲೂರು_ಬಟನ್:
ಇಬ್ಬರೂ ಗೇಮ್ ಬಗ್ಗೆ ಕಿತ್ತಾಡ್ತಿದೀರ, ಕಂಟ್ರೋಲರ್ ಬಗ್ಗೆ ಯಾರೂ ಕೇಳ್ಲಿಲ್ಲ. ಒರಿಜಿನಲ್ ಡ್ಯುಯಲ್‌ಶಾಕ್ 2ರಲ್ಲಿ ಎಕ್ಸ್, ಚೌಕದ ಬಟನ್‌ಗಳು ಎಷ್ಟು ಒತ್ತುತ್ತೀರೋ ಅಷ್ಟನ್ನೇ ಮೆಷಿನ್‌ಗೆ ಹೇಳ್ತವೆ. ಅರ್ಧ ಒತ್ತಿದ್ರೆ ಅರ್ಧ ಆಕ್ಸಿಲರೇಟರ್. ಲೋಕಲ್ ಕಂಟ್ರೋಲರ್‌ಗಳಲ್ಲಿ ಬಹಳಷ್ಟಕ್ಕೆ ಅದು ಇರಲ್ಲ, ಒತ್ತಿದ್ರೆ ಪೂರ್ತಿ, ಬಿಟ್ಟರೆ ಸೊನ್ನೆ. ಮಣ್ಣು ರಸ್ತೇಲಿ ಪೂರ್ತಿ ಆಕ್ಸಿಲರೇಟರ್ ಕೊಟ್ರೆ ಚಕ್ರ ಅಲ್ಲೇ ಸುತ್ತುತ್ತೆ, ಕಾರು ಮುಂದೆ ಹೋಗಲ್ಲ. ಆಮೇಲೆ ಗೇಮ್ ಸರಿಯಿಲ್ಲ ಅಂತ ಬೈತಾರೆ.

ಪರೀಕ್ಷೆ ಸುಲಭ. ಗ್ರ್ಯಾನ್ ಟುರಿಸ್ಮೊ 3 ಅಥವಾ 4ರಲ್ಲಿ ಎಕ್ಸನ್ನ ಮೆಲ್ಲಗೆ ಒತ್ತಿ ನೋಡಿ, ಪರದೆ ಕೆಳಗೆ ಆಕ್ಸಿಲರೇಟರ್ ಪಟ್ಟಿ ಅರ್ಧಕ್ಕೆ ನಿಂತ್ರೆ ಸರಿ ಇದೆ. ಒಂದೇ ಸಲ ತುದಿ ಮುಟ್ಟಿದ್ರೆ ಅದು ಬರೀ ಸ್ವಿಚ್. ಅಂಥದ್ದರಲ್ಲಿ ಆಡಲೇಬೇಕಾದ್ರೆ ಆಪ್ಷನ್ಸ್‌ಗೆ ಹೋಗಿ ಆಕ್ಸಿಲರೇಟರ್, ಬ್ರೇಕ್ ಎರಡನ್ನೂ ಬಲಗಡೆ ಸ್ಟಿಕ್‌ಗೆ ಕೊಡಿ. ಮೇಲೆ ತಳ್ಳಿದ್ರೆ ಆಕ್ಸಿಲರೇಟರ್, ಕೆಳಗೆ ಎಳೆದ್ರೆ ಬ್ರೇಕ್. ಸ್ಟಿಕ್ ಲೋಕಲ್ ಆದ್ರೂ ಮಧ್ಯದ ಅಳತೆ ಕೊಡುತ್ತೆ.

ಆಲ್ದೂರು_ಹುಡುಗ:
ಇದು ಗೊತ್ತೇ ಇರಲಿಲ್ಲ. ಗ್ರ್ಯಾನ್ ಟುರಿಸ್ಮೊದಲ್ಲೂ ಮಣ್ಣು ಇದೆಯಾ?

ಅರಸೀಕೆರೆ_ಗೂಡ್ಸ್:
ಇದೆ, ಆದ್ರೆ ಅದಕ್ಕೋಸ್ಕರ ಕೊಳ್ಳಬೇಡಿ. 3ರಲ್ಲಿ ಸ್ಮೋಕಿ ಮೌಂಟನ್, ಸ್ವಿಸ್ ಆಲ್ಪ್ಸ್, ಟಹೀಟಿ ಟ್ರ್ಯಾಕ್‌ಗಳಿವೆ, ಅವಕ್ಕೆ ಹೋಗೋಕೆ ಮೊದಲು ರ‍್ಯಾಲಿ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. 4ರಲ್ಲಿ ಬೇರೆ ರ‍್ಯಾಲಿ ಲೈಸೆನ್ಸ್ ಅಂತಿಲ್ಲ, ಆದ್ರೆ ಅಂಗಡೀಲಿ ಡರ್ಟ್ ಟೈರ್ ಕೊಂಡು ಹಾಕಿಸಬೇಕು, ಹಿಮಕ್ಕೆ ಬೇರೆ ಟೈರ್. ಮತ್ತೆ 4ರ ರ‍್ಯಾಲೀಲಿ ಎದುರಾಳಿ ಒಬ್ಬನೇ, ಅವನನ್ನೋ ಗೋಡೇನೋ ಮುಟ್ಟಿದ್ರೆ 5 ಸೆಕೆಂಡ್ ದಂಡ. ದಂಡದ ಹೊತ್ತಲ್ಲಿ ವೇಗ 50 ಕಿಲೋಮೀಟರ್ ದಾಟಲ್ಲ. ಅವನೇ ಹಿಂದಿಂದ ಬಂದು ಗುದ್ದಿದ್ರೂ ದಂಡ ನಿಮಗೆ! ಇಂಥ ಪಂಚಾಯ್ತಿ ಎಲ್ಲೂ ನೋಡಿಲ್ಲ.

ಸಕಲೇಶಪುರ_ಸೈಡ್‌ವೇಸ್:
ಆದ್ರೂ 4ನ್ನ ಬಿಡೋ ಹಾಗಿಲ್ಲ ಗೂಡ್ಸಣ್ಣ. ಟಾರು ರಸ್ತೇಲಿ ಭಾರ ಎತ್ತ ಹೋಗುತ್ತೆ ಅಂತ ಕಲಿಸೋದ್ರಲ್ಲಿ ಅದನ್ನ ಮೀರಿಸಿದ್ದು ಪಿಎಸ್2ರಲ್ಲಿಲ್ಲ. ಲಾಜಿಟೆಕ್ ಡ್ರೈವಿಂಗ್ ಫೋರ್ಸ್ ಪ್ರೊ ಸ್ಟೀರಿಂಗ್ ಸಿಕ್ಕಿದ್ರೆ 900 ಡಿಗ್ರಿ ತಿರುಗುತ್ತೆ, ನಿಜವಾದ ಕಾರಿನಷ್ಟೇ. ಒಂದು ಎಚ್ಚರಿಕೆ: 4 ಎರಡು ಪದರದ ಡಿವಿಡಿ. ಲೆನ್ಸ್ ಸುಸ್ತಾದ ಮೆಷಿನ್‌ಗಳು ಮೊದಲು ಮುಗ್ಗರಿಸೋದು ಇಂಥ ಡಿಸ್ಕ್‌ಗಳಲ್ಲೇ. ಗಾಡ್ ಆಫ್ ವಾರ್ 2 ಕೂಡ ಅದೇ ಜಾತಿ.

ಕಡೂರು_ಕ್ಯಾಪ್ಟನ್:
ಇಷ್ಟು ಕಷ್ಟ ಯಾಕೆ, ಲ್ಯಾಪ್‌ಟಾಪ್‌ಗೆ ಎಮ್ಯುಲೇಟರ್ (ಪಿಎಸ್2 ಥರ ನಟಿಸೋ ಸಾಫ್ಟ್‌ವೇರ್) ಹಾಕಿದ್ರೆ ಎಲ್ಲಾ ಗೇಮೂ ಬರುತ್ತೆ.

ಬೇಲೂರು_ಬಟನ್:
ಮೆಷಿನ್ ಇರೋರಿಗೆ ಮೆಷಿನ್ ಬಿಡಿ ಅಂತೀರಲ್ಲ ಕ್ಯಾಪ್ಟನ್. ಎಮ್ಯುಲೇಟರ್‌ಗೂ ಸ್ವಂತ ಪಿಎಸ್2ನಿಂದ ತೆಗೆದ ಬಯೋಸ್, ಅಂದ್ರೆ ಮೆಷಿನ್ ಶುರುವಾಗೋ ಮೂಲ ಸಾಫ್ಟ್‌ವೇರ್, ಬೇಕು, ಹಳೇ ಲ್ಯಾಪ್‌ಟಾಪ್‌ನಲ್ಲಿ ಅರ್ಧ ವೇಗಕ್ಕೆ ಇಳಿಯುತ್ತೆ. ರ‍್ಯಾಲೀಲಿ ಅರ್ಧ ವೇಗ ಅಂದ್ರೆ ಎತ್ತಿನ ಗಾಡಿ ಸ್ಪರ್ಧೆ.

ಹಾಸನ_ಡಿಸ್ಕ್:
ಪೆನ್‌ಡ್ರೈವ್‌ನಿಂದ ಓಡಿಸಬಹುದಲ್ಲ? ಡಿಸ್ಕ್ ಸವೆಯೋದೇ ಇಲ್ಲ.

ಬೇಲೂರು_ಬಟನ್:
ಸ್ವಂತ ಡಿಸ್ಕಿನ ಪ್ರತಿ ಅಂತಾದ್ರೆ ಆಗುತ್ತೆ, ಆದ್ರೆ ಪಿಎಸ್2ನ ಯುಎಸ್‌ಬಿ 1.1 ಕಾಲದ್ದು, ಸೆಕೆಂಡಿಗೆ 12 ಮೆಗಾಬಿಟ್ ಅಷ್ಟೇ. ಡಿವಿಡಿ ಡ್ರೈವ್‌ಗಿಂತ ನಿಧಾನ. ಮಧ್ಯ ಮಧ್ಯ ಬರೋ ವಿಡಿಯೋ ತಡವರಿಸುತ್ತೆ, ಕೆಲವು ಗೇಮಲ್ಲಿ ಮಾತು ಕಟ್ ಆಗುತ್ತೆ. ಕೋ-ಡ್ರೈವರ್ ಮಾತು ತಡವಾಗಿ ಬಂದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಕೊಟ್ಟಿಗೆಹಾರ_ಮಂಜು:
ಕೋ-ಡ್ರೈವರ್ ಮಾತು ಅಂದ ತಕ್ಷಣ ನೆನಪಾಯ್ತು. ಇಂಗ್ಲಿಷ್ ಹೆದರಿಕೆ ಇರೋರಿಗೆ ರ‍್ಯಾಲಿ ಗೇಮೇ ಸುಲಭ, ಒಟ್ಟು ಹತ್ತು ಹನ್ನೆರಡು ಪದ ಗೊತ್ತಿದ್ರೆ ಸಾಕು. ಮೆಕ್‌ರೇಲಿ ಅಂಕಿ ಹೇಳ್ತಾರೆ: 1 ಅಂದ್ರೆ ಬಹಳ ಬಿಗಿ ತಿರುವು, 6 ಅಂದ್ರೆ ಹೆಚ್ಚುಕಮ್ಮಿ ನೇರ. ಕ್ರೆಸ್ಟ್ ಅಂದ್ರೆ ದಿಬ್ಬದ ನೆತ್ತಿ, ಆಚೆ ಕಾಣಲ್ಲ. ಟೈಟನ್ಸ್ ಅಂದ್ರೆ ಹೋಗ್ತಾ ಹೋಗ್ತಾ ತಿರುವು ಬಿಗಿಯಾಗುತ್ತೆ, ಓಪನ್ಸ್ ಅಂದ್ರೆ ಬಿಚ್ಕೊಳ್ಳುತ್ತೆ. ಡೋಂಟ್ ಕಟ್ ಅಂದ್ರೆ ಒಳಗಡೆ ಕಲ್ಲೋ ಮರದ ಬುಡವೋ ಇದೆ, ಅಡ್ಡ ಹಾಯಬೇಡ ಅಂತ. ಟೈಟನ್ಸ್, ಡೋಂಟ್ ಕಟ್ ಎರಡು ಕಿವಿಗೆ ಬಿದ್ದ ಕೂಡ್ಲೆ ಬ್ರೇಕ್ ಮೇಲೆ ಬೆರಳಿರಬೇಕು. ಉಳಿದದ್ದು ತಾನಾಗೇ ಬರುತ್ತೆ.

ಚಾರ್ಮಾಡಿ_ತಿರುವು:
ಒಳ್ಳೇ ಪಾಯಿಂಟ್. ಸೆಟ್ಟಿಂಗ್ ಮೆನು ನೋಡಿ ಹೆದರೋದೂ ಬೇಡ. ಮಣ್ಣಿಗೆ ಗ್ರಾವೆಲ್ ಟೈರ್, ಮೆತ್ತನೆ ಸ್ಪ್ರಿಂಗ್, ಕಾರಿನ ಎತ್ತರ ಸ್ವಲ್ಪ ಜಾಸ್ತಿ, ಗೇರ್ ಶಾರ್ಟ್. ಟಾರಿಗೆ ಇದೆಲ್ಲಾ ಉಲ್ಟಾ. ಬೇರೇನೂ ಮುಟ್ಟಬೇಡಿ.

ಹಾಸನ_ಡಿಸ್ಕ್:
ಅಂದಹಾಗೆ ನಮ್ಮೂರ ಕಡೆ ಓಡಿದ ಸ್ಕೋಡಾ ಕಾರು ಇವುಗಳಲ್ಲಿ ಇದೆಯಾ? ರ‍್ಯಾಲಿ ಚಾಲಕ ಗೌರವ್ ಗಿಲ್ ಓಡಿಸಿದ್ದು.

ಸಕಲೇಶಪುರ_ಸೈಡ್‌ವೇಸ್:
ಗಿಲ್ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆಗಿದ್ದು 2013, 2016, 2017ರಲ್ಲಿ. ಎಲ್ಲಾ ಸ್ಕೋಡಾ ಫೇಬಿಯಾ ಕಾರಲ್ಲೇ, ಆದ್ರೆ ಅವು ಈ ಗೇಮ್‌ಗಳ ಕಾಲದವಲ್ಲ. ರ‍್ಯಾಲಿ ಇವಾಲ್ವ್ಡ್‌ನಲ್ಲಿರೋದು 2005ರ ಫೇಬಿಯಾ ಡಬ್ಲ್ಯುಆರ್‌ಸಿ, ಹೆಸರು ಒಂದೇ, ಯಂತ್ರ ಬೇರೆ. ಆ ವರ್ಷ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿದ್ದು ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್, ಸಿಟ್ರೊಯೆನ್ ಕ್ಸಾರಾದಲ್ಲಿ. ಆಟದಲ್ಲಿ ಸುಲಭದ ಕಾರು ಬೇಕಂದ್ರೆ ಅದನ್ನೇ ತಗೊಳ್ಳಿ, ಅಭಿಮಾನಕ್ಕೆ ಅಂದ್ರೆ ಫೇಬಿಯಾ.

ಜಯಪುರ_ಜೀರುಂಡೆ:
ಅಣ್ಣಂದಿರೇ, ತಂಗಿ ವಿಷಯ ಎಲ್ಲರೂ ಮರೆತೇ ಬಿಟ್ರಿ. ನಾನು ಹೇಳ್ತೀನಿ.

ಮೊದಲು ಈಕೋ, 2001. ಕೊಂಬಿನ ಹುಡುಗ ಒಬ್ಬ, ಅವನ ಕೈ ಹಿಡ್ಕೊಂಡು ಬರೋ ಹುಡುಗಿ, ಒಂದು ದೊಡ್ಡ ಕೋಟೆ. ಮಾತು ತೀರಾ ಕಮ್ಮಿ, ಆ ಹುಡುಗಿ ಆಡೋ ಭಾಷೆ ನಾಯಕನಿಗೂ ಅರ್ಥ ಆಗಲ್ಲ, ಹಾಗಾಗಿ ನಮಗೂ ಆಗಬೇಕಿಲ್ಲ. ಕೋಲು ಬೀಸೋದು ಸ್ವಲ್ಪ ಇದೆ, ಗುಂಡಿಲ್ಲ. ಪಾಲ್ ಡಿಸ್ಕ್ ಇರೋರಿಗೆ ಒಂದು ಲಾಭ: ಒಂದು ಸಲ ಪೂರ್ತಿ ಮುಗಿಸಿ ಅದೇ ಸೇವ್‌ನಿಂದ ಮತ್ತೆ ಶುರು ಮಾಡಿದ್ರೆ ಎರಡನೇ ಕಂಟ್ರೋಲರ್‌ನಲ್ಲಿ ಆ ಹುಡುಗೀನ ಇನ್ನೊಬ್ಬರು ಆಡಿಸಬಹುದು. ಅಮೆರಿಕದ ಡಿಸ್ಕ್‌ನಲ್ಲಿ ಅದಿಲ್ಲ. ಅಂದ್ರೆ ಇಬ್ಬರ ಆಟವೂ ಆಯ್ತು.

ಅದು ಹಿಡಿಸಿದ್ರೆ ಅದೇ ತಂಡದ ಶ್ಯಾಡೋ ಆಫ್ ದ ಕೊಲೋಸಸ್, 2005. ಇಡೀ ಆಟದಲ್ಲಿ ಶತ್ರುಗಳು 16 ಮಾತ್ರ, ಒಂದೊಂದೂ ಬೆಟ್ಟದಷ್ಟು. ಉಳಿದ ಹೊತ್ತೆಲ್ಲ ಕುದುರೆ ಮೇಲೆ ಖಾಲಿ ಬಯಲಲ್ಲಿ ಸುತ್ತೋದು. ಹತ್ತುವಾಗ ಆರ್1 ಬಟನ್ ಹಿಡಿದೇ ಇರಬೇಕು, ಬೆರಳು ನೋಯುತ್ತೆ, ಬಟನ್ ಸವೆದ ಲೋಕಲ್ ಕಂಟ್ರೋಲರ್ ಆಗಲ್ಲ. ಓಕಾಮಿ (2006) ನೋಡೋಕೆ ಅದಕ್ಕಿಂತ ಚೆಂದ, ಕುಂಚದಲ್ಲಿ ಬರೆದ ಹಾಗಿದೆ, ಆದ್ರೆ ಮಾತು ಬಹಳ. ಇಂಗ್ಲಿಷ್ ಕಡಿಮೆ ಬೇಕು ಅಂದ್ರೆ ಕೊನೆಗಿಡಿ.

ಹಾಸನ_ಡಿಸ್ಕ್:
ಕಟಮಾರಿ ಡಮಾಸಿ ಬಿಟ್ರಲ್ಲ ಅಕ್ಕ! ಉಂಡೆ ಉರುಳಿಸೋ ಆಟ, ಎಲ್ಲರಿಗೂ ಆಗುತ್ತೆ.

ಜಯಪುರ_ಜೀರುಂಡೆ:
ಬಿಡಲಿಲ್ಲ, ಮೊದಲ ಕಟಮಾರಿ ಪಾಲ್‌ನಲ್ಲಿ ಬರಲೇ ಇಲ್ಲ. ಇವರ ಮೆಷಿನ್‌ಗೆ ಬೇಕಾಗಿರೋದು ಎರಡನೇದು, ವಿ ಲವ್ ಕಟಮಾರಿ. ಎರಡು ಸ್ಟಿಕ್‌ನಿಂದಲೇ ಎಲ್ಲಾ: ಎರಡನ್ನೂ ಮುಂದೆ ತಳ್ಳಿದ್ರೆ ಉಂಡೆ ಮುಂದೆ, ಒಂದನ್ನ ಮೇಲೆ ಒಂದನ್ನ ಕೆಳಗೆ ಮಾಡಿದ್ರೆ ತಿರುಗುತ್ತೆ. ಇಬ್ಬರು ಸೇರಿ ಒಂದೇ ಉಂಡೆ ತಳ್ಳೋ ಮೋಡ್ ಇದೆ. ಅಣ್ಣ ತಂಗಿ ಜಗಳ ಗ್ಯಾರಂಟಿ.

ಆಲ್ದೂರು_ಹುಡುಗ:
ಈಕೋ ಅವಳಿಗೆ ಪಕ್ಕಾ. ಇಬ್ಬರಿಗೆ ಕಾರಿಂದೇ ಯಾವುದಾದ್ರೂ?

ಅರಸೀಕೆರೆ_ಗೂಡ್ಸ್:
ಬರ್ನ್‌ಔಟ್ 3 ಟೇಕ್‌ಡೌನ್, 2004. ಅದರಲ್ಲಿ ಕ್ರ್ಯಾಶ್ ಮೋಡ್ ಅಂತಿದೆ, ರೇಸೇ ಅಲ್ಲ. ಜನನಿಬಿಡ ಜಂಕ್ಷನ್‌ಗೆ ಒಂದು ಕಾರು ನುಗ್ಗಿಸಿ ಎಷ್ಟು ಗಾಡಿ ಜಖಂ ಆಗುತ್ತೆ ಅಂತ ಲೆಕ್ಕ. ಕಂಟ್ರೋಲರ್ ಕೈ ಬದಲಾಯಿಸ್ತಾ ಸರದಿ ಮೇಲೆ ಆಡಬಹುದು, ಲೋಕಲ್ ಕಂಟ್ರೋಲರ್ ಬೇಕೇ ಆಗಲ್ಲ. ಅಪ್ಪಳಿಸಿದ ಮೇಲೂ ಒಂದು ಬಟನ್ ಹಿಡಿದು ಸ್ಟಿಕ್ ಎಳೆದ್ರೆ ಕಾರನ್ನ ಗಾಳೀಲಿ ಸ್ವಲ್ಪ ವಾಲಿಸಬಹುದು. ಎಲ್ಲಿ ನುಗ್ಗಿಸಬೇಕು ಅಂತ ಯೋಚಿಸೋದೇ ಆಟ, ಹಾಗಾಗಿ ರೇಸ್ ಆಗದೋರಿಗೂ ಆಗುತ್ತೆ.

ಬಾಳೆಹೊನ್ನೂರು_ಬ್ರೇಕು:
ಇಬ್ಬರ ರ‍್ಯಾಲಿಗೆ ಪರದೆ ಎರಡು ಭಾಗ ಮಾಡೋದು ಬೇಡ. 21 ಇಂಚಲ್ಲಿ ಅರ್ಧ ಪರದೆ ಅಂದ್ರೆ ಮುಂದಿನ ತಿರುವೇ ಕಾಣಲ್ಲ. ಒಬ್ಬರಾದ ಮೇಲೆ ಒಬ್ಬರು ಅದೇ ಸ್ಟೇಜ್ ಓಡಿಸಿ ಸಮಯ ಬರೆದಿಡಿ. ಅದೇ ನಿಜವಾದ ರ‍್ಯಾಲಿ ಪದ್ಧತಿ.

ಕಡೂರು_ಕ್ಯಾಪ್ಟನ್:
ಇಬ್ಬರಿಗೆ ಅಂದ್ರೆ ಕ್ರಿಕೆಟ್ 07. ಇದಕ್ಕಾದ್ರೂ ಬೈಬೇಡಿ.

ಬೇಲೂರು_ಬಟನ್:
ಬೈಯಲ್ಲ. ಬಲಗಡೆ ಸ್ಟಿಕ್‌ನಿಂದ ಹೊಡೆತ, ಎಡಗಡೆಯಿಂದ ಕಾಲು, ಕಲಿತರೆ ಚೆನ್ನಾಗಿದೆ. ಭಾರತದ ಆಟಗಾರರ ಹೆಸರು ಮಾತ್ರ ತಿರುಚಿರ್ತವೆ, ಲೈಸೆನ್ಸ್ ಇದ್ದಿದ್ದು ಆಸ್ಟ್ರೇಲಿಯಾ, ಇಂಗ್ಲೆಂಡಿಗಷ್ಟೇ. ತಂಡದ ಮೆನುವಲ್ಲಿ ಒಂದೊಂದೇ ಹೆಸರು ತಿದ್ದಬಹುದು, ತಾಳ್ಮೆ ಇದ್ರೆ.

ಕೊಟ್ಟಿಗೆಹಾರ_ಮಂಜು:
ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಇರೋ ದೇಸಿ ಅಡ್ಡ ಅಂತ ಒಂದು ಪಿಎಸ್2 ಗೇಮ್ 2009ರಲ್ಲಿ ನಮ್ಮ ದೇಶದಲ್ಲೇ ಮಾಡಿದ್ರು. ಅದೇ ವರ್ಷ ಹನುಮಾನ್ ಬಾಯ್ ವಾರಿಯರ್ ಕೂಡ ಬಂತು. ಎರಡನೇದು ದುಡ್ಡು ಕೊಟ್ಟು ಆಡೋ ಹಾಗಿಲ್ಲ, ಮೊದಲನೇದು ಹಬ್ಬದ ದಿನ ನೆಂಟರು ಬಂದಾಗ ಆಗುತ್ತೆ.

ಅರಸೀಕೆರೆ_ಗೂಡ್ಸ್:
ಕಾಲಿನ್ ಮೆಕ್‌ರೇ 2.0 ಬಗ್ಗೆ ಯಾರೂ ಹೇಳ್ಲಿಲ್ಲವಲ್ಲ. ಪಿಎಸ್1 ಡಿಸ್ಕ್, 2000ದ್ದು, ಪಿಎಸ್2ರಲ್ಲಿ ಓಡುತ್ತೆ. ಚಿತ್ರ ಒರಟು, ಓಡಿಸೋ ರುಚಿ ಇವತ್ತಿಗೂ ಇದೆ. ಕನ್ಸೋಲ್ ಶುರುವಿನ ಮೆನುವಲ್ಲಿ ವರ್ಷನ್ ಮಾಹಿತಿ ಪುಟಕ್ಕೆ ಹೋಗಿ ಪ್ಲೇಸ್ಟೇಷನ್ ಡ್ರೈವರ್ ಅನ್ನೋದರಲ್ಲಿ ತ್ರಿಕೋನ ಒತ್ತಿ, ಟೆಕ್ಸ್ಚರ್ ಮ್ಯಾಪಿಂಗನ್ನ ಸ್ಮೂತ್ ಮಾಡಿ. ಮೆಷಿನ್ ಆರಿಸಿದ್ರೆ ಅದು ಮತ್ತೆ ಹಳೇದಕ್ಕೆ ಹೋಗುತ್ತೆ, ಪ್ರತಿ ಸಲ ಮಾಡಬೇಕು.

ಸೇವ್ ಮಾಡೋಕೆ ಪಿಎಸ್1 ಮೆಮೊರಿ ಕಾರ್ಡೇ ಬೇಕು, 15 ಬ್ಲಾಕಿಂದು. ಪಿಎಸ್2 ಕಾರ್ಡಿಗೆ ಪಿಎಸ್1 ಗೇಮ್ ನೇರವಾಗಿ ಸೇವ್ ಆಗಲ್ಲ. ಸ್ಟಿಕ್ ಕೆಲಸ ಮಾಡಲಿಲ್ಲ ಅಂದ್ರೆ ಕಂಟ್ರೋಲರ್ ಮಧ್ಯದ ಅನಲಾಗ್ ಬಟನ್ ಒತ್ತಿ, ಕೆಂಪು ದೀಪ ಹತ್ತಬೇಕು.

ಸಕಲೇಶಪುರ_ಸೈಡ್‌ವೇಸ್:
ಒಂದು ಸೇರಿಸ್ತೀನಿ. 75000 ಸರಣಿಯಿಂದ ಈಚೆಗೆ ಸ್ಲಿಮ್‌ನ ಒಳಗಿನ ಒಂದು ಪ್ರೊಸೆಸರ್ ಬದಲಾಯಿಸಿದ್ರು, ಹಾಗಾಗಿ ಕೆಲವು ಹಳೇ ಗೇಮ್ ಕೈಕೊಡ್ತವೆ. ಇವರದ್ದು 77000. ಪಿಎಸ್1 ಡಿಸ್ಕ್ ಕೊಳ್ಳೋಕೆ ಮುಂಚೆ ಅಂಗಡೀಲೇ ಹಾಕಿಸಿ ನೋಡೋದು ವಾಸಿ. ಮತ್ತೆ ಪಿಎಸ್2 ಕಾರ್ಡ್ ಸೋನಿ ಮಾಡಿದ್ದು 8 ಎಂಬಿ. 64, 128 ಎಂಬಿ ಅಂತ ಬರೆದ ಲೋಕಲ್ ಕಾರ್ಡ್‌ಗಳು ತುಂಬ್ತಾ ಬಂದ ಹಾಗೆ ಸೇವ್ ನುಂಗ್ತವೆ. ಒಂದು ದೊಡ್ಡದಕ್ಕಿಂತ ಎರಡು ಒರಿಜಿನಲ್ 8 ಎಂಬಿ ಇಟ್ಕೊಳ್ಳಿ.

ಆಲ್ದೂರು_ಹುಡುಗ:
ಕಾರ್ಡ್ ಒರಿಜಿನಲ್ಲೇ. ಆದ್ರೆ ಕರೆಂಟ್ ಹೋಗಿ ಇನ್ವರ್ಟರ್ ಬರೋ ಅಷ್ಟರಲ್ಲಿ ಮೆಷಿನ್ ಆರಿಹೋಗುತ್ತೆ. ಎಲ್‌ಇಡಿಗೆ ಹಾಕಿದ್ರೆ ತಿರುವು ತಡವಾಗಿ ತಗೊಂಡ ಹಾಗನಿಸುತ್ತೆ. ಇವೆರಡಕ್ಕೆ ದಾರಿ ಹೇಳಿ.

ಬೇಲೂರು_ಬಟನ್:
ಇನ್ವರ್ಟರ್ ಹಿಂದೆ ಯುಪಿಎಸ್ ಅಂತ ಒಂದು ಸ್ವಿಚ್ ಇರುತ್ತೆ ನೋಡಿ, ಬಹಳಷ್ಟು ಮನೇಲಿ ಅದು ನಾರ್ಮಲ್ ಅಥವಾ ಇಕೋ ಕಡೆಗಿರುತ್ತೆ. ಫ್ಯಾನು ದೀಪಕ್ಕೆ ಅಷ್ಟು ಸಾಕು, ಕಂಪ್ಯೂಟರು ಕನ್ಸೋಲಿಗೆ ಯುಪಿಎಸ್ ಕಡೆಗೆ ಹಾಕಬೇಕು, ಆಗ ಬದಲಾವಣೆ ಬೇಗ ಆಗುತ್ತೆ. ಸೇವ್ ಆಗ್ತಿರುವಾಗ ಕರೆಂಟ್ ಹೋದ್ರೆ ಮಾತ್ರ ಕಾರ್ಡ್ ಕೆಡೋದು, ಗುಡುಗು ಮಳೆ ದಿನ ಆಟೋಸೇವ್ ಆಫ್ ಮಾಡಿ.

ಅಡಾಪ್ಟರ್ ಬಗ್ಗೆಯೂ ಒಂದು ಮಾತು: ಸ್ಲಿಮ್‌ದು 8.5 ವೋಲ್ಟ್. ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಯಾವ ಕಾರಣಕ್ಕೂ ಚುಚ್ಚಬೇಡಿ. ಹೊಸದು ತಗೊಳ್ಳೋದಾದ್ರೆ ಹಳೇದರ ಮೇಲೆ ಬರೆದ ಆಂಪಿಯರ್‌ಗಿಂತ ಕಡಿಮೆದು ಬೇಡ.

ಎಲ್‌ಇಡಿ ತಡಕ್ಕೆ: ಹಳದಿ ಪಿನ್ ಬಿಟ್ಟು ಕಾಂಪೊನೆಂಟ್ ಕೇಬಲ್ ಹಾಕಿ, ಹಸಿರು ನೀಲಿ ಕೆಂಪು ಚಿತ್ರಕ್ಕೆ, ಕೆಂಪು ಬಿಳಿ ಶಬ್ದಕ್ಕೆ. ಕೇಬಲ್ ಹಾಕೋಕೆ ಮುಂಚೆ ಹಳದಿಯಲ್ಲೇ ಇದ್ದು ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಅನ್ನೋದನ್ನ ಆರ್‌ಜಿಬಿಯಿಂದ ವೈ ಸಿಬಿ ಸಿಆರ್‌ಗೆ ಬದಲಾಯಿಸಿ. ಇಲ್ಲಾಂದ್ರೆ ಬಣ್ಣ ಕೆಟ್ಟು ಬರುತ್ತೆ, ಕೇಬಲ್ ಸರಿಯಿಲ್ಲ ಅಂತ ಎಸೆದುಬಿಡ್ತಾರೆ. ಟಿವೀಲಿ ಗೇಮ್ ಮೋಡ್ ಹಾಕಿ. ಇಷ್ಟಾದ್ರೂ ರ‍್ಯಾಲಿಗೆ ನಿಮ್ಮ ಡಬ್ಬಾ ಟಿವಿಯೇ ಮೇಲು, ಅದರಲ್ಲಿ ತಡ ಅನ್ನೋದೇ ಇಲ್ಲ. ಎಸೆಯಬೇಡಿ.

ಆಲ್ದೂರು_ಹುಡುಗ:
ಮೆಕ್‌ರೇ 2005, ಈಕೋ ಎರಡಕ್ಕೂ ಹೇಳಿಟ್ಟಿದೀನಿ. ಇನ್ನೊಂದು. ಮೆಷಿನ್ ಕೆಲವು ಸಲ ಡಿಸ್ಕ್ ಓದಲ್ಲ, ಅದರಲ್ಲೂ ನೀಲಿ ತಳದ್ದು. ಮೋಸ್ಟ್ ವಾಂಟೆಡ್ ಡಿಸ್ಕ್ ತಳದಲ್ಲಿ ಕಂಪಾಸ್‌ನಲ್ಲಿ ಎಳೆದ ಹಾಗೆ ದುಂಡಗೆ ಗೀರು ಬಿದ್ದಿದೆ.

ಕೊಟ್ಟಿಗೆಹಾರ_ಮಂಜು:
ನೀಲಿ ತಳ ಅಂದ್ರೆ ಸಿಡಿ, ಬೆಳ್ಳಿ ತಳ ಅಂದ್ರೆ ಡಿವಿಡಿ. ಲೆನ್ಸ್ ಒಂದೇ ಇದ್ರೂ ಎರಡಕ್ಕೂ ಲೇಸರ್ ಬೇರೆ, ಹಾಗಾಗಿ ಒಂದು ಓದಿ ಇನ್ನೊಂದು ಓದದೆ ಇರೋದು ಉಂಟು. ನಮ್ಮ ಮಲೆನಾಡಲ್ಲಿ ಮೊದಲು ಅನುಮಾನಿಸಬೇಕಾದ್ದು ತೇವ. ಲೆನ್ಸ್ ಮೇಲೆ ಮಂಜು ಹಿಡಿದ ಹಾಗೆ ಪೊರೆ ಕಟ್ಟುತ್ತೆ. ಪ್ಲಗ್ ಕಿತ್ತು ಮುಚ್ಚಳ ತೆಗೀರಿ, 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಕಿವಿ ಬಡ್‌ಗೆ ಹಾಕಿ ಮಧ್ಯದಿಂದ ಹೊರಕ್ಕೆ ಸುತ್ತಿಸಿ. ಒತ್ತಬೇಡಿ, ಲೆನ್ಸ್ ಸಣ್ಣ ಸ್ಪ್ರಿಂಗ್ ಮೇಲೆ ಕೂತಿರುತ್ತೆ. ಪೂರ್ತಿ ಆರಿದ ಮೇಲೆ ಹಾಕಿ. ಸ್ಯಾನಿಟೈಜರ್ ಬೇಡ, ಅದರಲ್ಲಿರೋ ಅಂಟು ಲೆನ್ಸ್ ಮೇಲೆ ಉಳಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಷಿನ್ನು, ಡಿಸ್ಕು ಎಲ್ಲಾ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ.

ಡಿಸ್ಕ್ ತಿರುಗೋದೇ ಇಲ್ಲ ಅಂದ್ರೆ ಮುಚ್ಚಳದ ಸ್ವಿಚ್ ಕೆಟ್ಟಿರಬಹುದು. ಆಗ ಮುಚ್ಚಳ ತೆರೆದಿದೆ ಅಂತ ಮೆಷಿನ್ ತಿಳ್ಕೊಂಡಿರುತ್ತೆ.

ಸಕಲೇಶಪುರ_ಸೈಡ್‌ವೇಸ್:
ದುಂಡು ಗೀರು ಬೇರೆ ಕಾಯಿಲೆ, ಅದಕ್ಕೆ ಆಲ್ಕೋಹಾಲ್ ಮದ್ದಲ್ಲ. ಸ್ಲಿಮ್‌ನಲ್ಲಿ ಲೆನ್ಸ್‌ಗೆ ಹೋಗೋ ಚಪ್ಪಟೆ ರಿಬ್ಬನ್ ಕೇಬಲ್ ಬಾಗಿ ಮೇಲಕ್ಕೆ ಉಬ್ಬುತ್ತೆ, ತಿರುಗೋ ಡಿಸ್ಕ್ ಅದಕ್ಕೆ ಉಜ್ಜುತ್ತೆ. ಹೊಸ ಡಿಸ್ಕ್ ಬಂದ ಕೂಡ್ಲೆ ಹಾಕಬೇಡಿ. ಮುಚ್ಚಳ ತೆಗೆದು ಕಣ್ಣನ್ನ ಮೆಷಿನ್ ಮಟ್ಟಕ್ಕೆ ತಂದು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಲೆನ್ಸ್ ಹಿಂದೆ ಕಂದು ಪಟ್ಟಿ ಕಮಾನಿನಂತೆ ಎದ್ದಿದ್ರೆ ಅದೇ. ರಿಪೇರಿಯವರಿಗೆ ಲೆನ್ಸ್ ಬದಲಾಯಿಸಿ ಅನ್ನಬೇಡಿ, ದುಡ್ಡು ದಂಡ. ಕೇಬಲ್ ಮತ್ತೆ ಮಡಿಸಿ ಕೆಳಗೆ ಕೂರಿಸಿ, ಶಾಖ ತಡೆಯೋ ಟೇಪ್ ಹಾಕಿ ಕೊಡಿ ಅನ್ನಿ. ಬಂದ ಮೇಲೆ ಬೇಡದ ಸಿನಿಮಾ ಡಿವಿಡಿ ಒಂದನ್ನ ಹಾಕಿ ಹತ್ತು ನಿಮಿಷ ಓಡಿಸಿ ತಳ ನೋಡಿ. ಹೊಸ ಗೀರಿಲ್ಲ ಅಂದ್ರೆ ಮೆಕ್‌ರೇ ಹಾಕಬಹುದು.